ಮಂದ ಬೆಳಕಿಗಾಗಿ ಕೊಂಡ ಎಲ್‌ಇಡಿ ಪ್ಯಾನೆಲ್

ರಾತ್ರಿ ಆಕಾಶದ ಚಿತ್ರದಲ್ಲಿ ಮುಂದಿರುವ ಮರ, ಬಂಡೆಗಳು ಬರೀ ಕಪ್ಪಾಗಿ ಉಳಿಯಬಾರದೆಂದು ಪುಣೆಯ ಕ್ಯಾಮೆರಾ ಅಂಗಡಿಯೊಂದರಲ್ಲಿ ₹3,500 ಕೊಟ್ಟು ಅಂಗೈ ಅಗಲದ ಎಲ್‌ಇಡಿ ಪ್ಯಾನೆಲ್ ಕೊಂಡೆ. ಎರಡು ಬೇಸಿಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ದೂರುಗಳೂ ಇರುವುದರಿಂದ ತಯಾರಕರ ಹೆಸರು ಹೇಳುವುದಿಲ್ಲ.

ಮೊದಲು ನನ್ನ ಬಳಿ ಇದ್ದದ್ದು ಟಾರ್ಚ್ ಮಾತ್ರ. ಶಟರ್ ತೆರೆದಿರುವಾಗ ಎರಡು ಮೂರು ಸೆಕೆಂಡು ಟಾರ್ಚ್ ಆಡಿಸಿದರೆ ಒಂದು ಚಿತ್ರದ ಬೆಳಕು ಇನ್ನೊಂದರಲ್ಲಿ ಇರುವುದಿಲ್ಲ. ಹೀಗಾಗಿ ಹತ್ತು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವುದಾಗಲಿ, ಪನೋರಮಾ ಜೋಡಿಸುವುದಾಗಲಿ ತಲೆನೋವು. ಸ್ಟ್ಯಾಂಡಿನ ಮೇಲೆ ನಿಂತ ಪ್ಯಾನೆಲ್ ರಾತ್ರಿಯಿಡೀ ಒಂದೇ ಸಮನೆ ಬೆಳಗುತ್ತದೆ. ಈ ಒಂದು ಗುಣಕ್ಕೇ ಅದು ಕೊಟ್ಟ ಹಣಕ್ಕೆ ತಕ್ಕುದಾಗಿದೆ.

ತೊಂದರೆಯಿರುವುದು ಅದರ ಅತಿಯಾದ ಬೆಳಕಿನಲ್ಲಿ. ಏಪ್ರಿಲ್ ಅಮಾವಾಸ್ಯೆಯ ರಾತ್ರಿ ಮಹಾರಾಷ್ಟ್ರದ ಭಂಡಾರದರಾ ಜಲಾಶಯದ ದಂಡೆಯಲ್ಲಿ, ಒಣಗಿ ನಿಂತ ಮರವೊಂದರ ಹಿಂದೆ ಆಕಾಶಗಂಗೆ ಏರುವುದನ್ನು ಕಾಯುತ್ತಿದ್ದೆವು. ಕ್ಯಾಮೆರಾವನ್ನು ತೀರಾ ಮಂದ ಬೆಳಕನ್ನೂ ಹಿಡಿಯುವಂತೆ ಹೊಂದಿಸಿದ್ದೆ: 20 ಮಿಮೀ ಲೆನ್ಸ್, ಎಫ್ 2.8, ಐಎಸ್‌ಒ 3200, 20 ಸೆಕೆಂಡು. ಮರದಿಂದ 5 ಮೀಟರ್ ದೂರದಲ್ಲಿ ಪ್ಯಾನೆಲ್ ಇಟ್ಟು, ಅದು ಇಳಿಯಬಲ್ಲ ಕೊನೆಯ ಮಟ್ಟವಾದ ಶೇಕಡಾ 5ಕ್ಕೆ ಇಳಿಸಿದರೂ ತೊಗಟೆ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಧಾರವಾಡದಿಂದ ಬಂದಿದ್ದ ಭಾವ ಕ್ಯಾಮೆರಾದ ಪರದೆ ನೋಡಿ, "ಏನಪಾ, ಮದುವಿ ಮನಿ ಲೈಟ್ ಹಚ್ಚೀಯಲ್ಲೋ" ಎಂದರು.

ಸ್ಟ್ಯಾಂಡನ್ನು 20 ಮೀಟರ್‌ಗೆ ಒಯ್ದೆ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ, ಅಂದರೆ ನಾಲ್ಕು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ), ಇಳಿಯುತ್ತದೆ. ಜೊತೆಗೆ ಬುಡಕ್ಕೂ ತುದಿಗೂ ಬೀಳುವ ಬೆಳಕು ಹೆಚ್ಚುಕಡಿಮೆ ಸಮನಾಗುತ್ತದೆ. ಅದೂ ಸಾಲದೆ ನಾಲ್ಕು ಪದರ ಬಟರ್ ಪೇಪರ್ ಸುತ್ತಿದ ಮೇಲೆ, ಬರಿಗಣ್ಣಿಗೆ ಬೆಳಕಿದೆಯೋ ಇಲ್ಲವೋ ಎನ್ನುವಷ್ಟಾಯಿತು. ಚಿತ್ರದಲ್ಲಿ ಅದೇ ಹದ. ಕ್ಯಾಮೆರಾದಿಂದ ದೂರ, ಒಂದು ಬದಿಯಿಂದ ಓರೆಯಾಗಿ ಬಿದ್ದ ಆ ಬೆಳಕಿನಲ್ಲಿ ತೊಗಟೆಯ ಒಂದೊಂದು ಬಿರುಕೂ ತನ್ನ ನೆರಳಿನೊಂದಿಗೆ ಎದ್ದು ಕಂಡಿತು. ಕ್ಯಾಮೆರಾದ ಪಕ್ಕದಲ್ಲೇ ಪ್ಯಾನೆಲ್ ಹಿಡಿದು ತೆಗೆದ ಚಿತ್ರದಲ್ಲಿ ಅದೇ ಮರ ರಟ್ಟಿನಿಂದ ಕತ್ತರಿಸಿದಂತಿತ್ತು. (ಕತ್ತಲೆಯಲ್ಲಿ ಪರದೆಯನ್ನು ನಂಬಬೇಡಿ, ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆಯಾದ ಹಿಸ್ಟೋಗ್ರಾಮ್ ನೋಡಿ.)

ಬೆಳಕಿನ ಬಣ್ಣವನ್ನು 3200ರಿಂದ (ಹಳದಿ ಛಾಯೆ) 5600 ಕೆಲ್ವಿನ್‌ವರೆಗೆ (ಹಗಲಿನ ಬಿಳುಪು) ಬದಲಿಸಬಹುದು. ನಾನು 4000ದ ಆಸುಪಾಸಿನಲ್ಲಿ ಇಡುತ್ತೇನೆ. ಕೆಳಮಟ್ಟದಲ್ಲಿ ಬೆಳಕು ಸ್ವಲ್ಪ ಹಸಿರಿಗೆ ತಿರುಗುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲ್‌ನಲ್ಲಿ ಸರಿಪಡಿಸಬಹುದಾದರೂ ಈ ಬೆಲೆಗೆ ಅದು ಇರಬಾರದಿತ್ತು. ಬ್ಯಾಟರಿಯ ಬಗ್ಗೆ ದೂರಿಲ್ಲ. ಅಂಕಿ ತೋರಿಸುವ ಹಿಂಬದಿಯ ನೀಲಿ ಪರದೆ ಮಾತ್ರ, ಅರ್ಧ ಗಂಟೆ ಕಾದು ಕತ್ತಲಿಗೆ ಒಗ್ಗಿಸಿಕೊಂಡ ಕಣ್ಣನ್ನು ಕ್ಷಣದಲ್ಲಿ ಕೆಡಿಸುತ್ತದೆ. ಕಪ್ಪು ಟೇಪ್ ಅಂಟಿಸಿದ್ದೇನೆ.

ಮಳೆಗೆ ಮುಂಚೆ, ಭಂಡಾರದರಾ ಸುತ್ತಲಿನ ಕಾಡಿನಲ್ಲಿ ಮಿಂಚುಹುಳುಗಳು ಮಿನುಗುವ ದಿನಗಳಲ್ಲಿ, ಅವಕ್ಕೆ ಬೆಳಕಿನಿಂದ ತೊಂದರೆಯಾಗಬಾರದೆಂದು ಇದನ್ನು ಚೀಲದಿಂದ ಹೊರತೆಗೆಯುವುದಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಅಂಗಡಿಯವರು ಪ್ಯಾನೆಲನ್ನು ಶೇಕಡಾ 100ಕ್ಕೆ ಏರಿಸಿ ತೋರಿಸುತ್ತಾರೆ. ಕೊಳ್ಳುವವರು ಶೇಕಡಾ 1ಕ್ಕೆ ಇಳಿಸಿ ತೋರಿಸಲು ಹೇಳಬೇಕು.