ಮಾಳಿಗೆ ಮೇಲೆ ಒಣಗಿದ ರಕ್ತಕ್ಕೆ ಯಾವ ಕಿಟ್?

ಬಿಸಿಲಲ್ಲಿ ಒಣಗಿದ ರಕ್ತದ ಡಿಎನ್ಎಯಿಂದ ಅದು ಯಾರದ್ದೆಂದು ಗುರುತಿಸಲು ಯಾವ ಪರೀಕ್ಷಾ ಕಿಟ್ ವಾಸಿ ಎಂದು ನೋಡಬೇಕಿತ್ತು. ಹೋದ ಬೇಸಿಗೆಯಲ್ಲಿ ರಜೆ ಹಾಕಿ ಬಳ್ಳಾರಿಗೆ ಬಂದಾಗ ಬೆರಳು ಚುಚ್ಚಿಕೊಂಡು, ಬಿಳಿ ಬಟ್ಟೆಯ ಮೂರು ತುಂಡಿಗೆ ನನ್ನದೇ ರಕ್ತ ಹಚ್ಚಿದೆ. ಒಂದನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಿದೆ. ಇನ್ನೊಂದನ್ನು ಹಸಿಯಾಗೇ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟೆ. ಮೂರನೆಯದು ಮಾಳಿಗೆ ಮೇಲೆ ಒಂದು ತಿಂಗಳು. "ಸಂಡಿಗಿ ಹಾಕೋ ಜಾಗದಾಗ ರಕ್ತ ಒಣ ಹಾಕೀಯಲ್ಲೋ!" ಎಂದು ಅವ್ವ ಬೈದಳು.

1984ರಲ್ಲಿ ಬ್ರಿಟನ್ನಿನ ವಿಜ್ಞಾನಿ ಅಲೆಕ್ ಜೆಫ್ರೀಸ್ ಕಂಡುಕೊಂಡ ಹಳೆಯ ಡಿಎನ್ಎ ಬೆರಳಚ್ಚು ಪದ್ಧತಿಯನ್ನು ನಾನು ಪಂದ್ಯಕ್ಕೇ ಇಳಿಸಲಿಲ್ಲ. ಅದಕ್ಕೆ ಸಾವಿರಾರು ಅಕ್ಷರ (ಅಂದರೆ ಡಿಎನ್ಎ ಸರಪಳಿಯ ಕೊಂಡಿ) ಉದ್ದದ, ಮುರಿಯದ ಡಿಎನ್ಎ ಎಳೆ ಬೇಕು. ನಮ್ಮ ಬಿಸಿಲು ಅಷ್ಟನ್ನು ಎಲ್ಲಿ ಉಳಿಸುತ್ತೆ?

ಹಾಗಾಗಿ ಪೈಪೋಟಿ ಎರಡು ಎಸ್‌ಟಿಆರ್ ಕಿಟ್‌ಗಳ ನಡುವೆ. ಎಸ್‌ಟಿಆರ್ ಅಂದರೆ ಡಿಎನ್ಎಯಲ್ಲಿ ಪುಟ್ಟದೊಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುವ ಜಾಗ; ಎಷ್ಟು ಸಲ ಬರುತ್ತೆ ಅನ್ನೋದು ಒಬ್ಬೊಬ್ಬರಲ್ಲಿ ಬೇರೆ. 15 ಜಾಗ ನೋಡುವ ಮಾಮೂಲಿ ಕಿಟ್ ಒಂದು, 8 ಜಾಗ ನೋಡುವ ಮಿನಿ ಕಿಟ್ ಇನ್ನೊಂದು. ಮೂರೂ ತುಂಡಿನಿಂದ ಡಿಎನ್ಎ ತೆಗೆದದ್ದು ಒಂದೇ ರೀತಿ, ಫೀನಾಲ್ ಎಂಬ ರಾಸಾಯನಿಕ ಹಾಕಿ.

ಕಾಗದದ ಕವರಿನದ್ದು ಎರಡರಲ್ಲೂ ಪೂರ್ತಿ ಬಂತು. ಮಾಳಿಗೆಯದ್ದು ಮಾಮೂಲಿ ಕಿಟ್‌ನಲ್ಲಿ ಗ್ರಾಫ್ ಜಾರುಬಂಡೆ ಥರ ಕಂಡಿತು. ಎಡಗಡೆಯ ಸಣ್ಣ ತುಣುಕುಗಳು ಎತ್ತರಕ್ಕೆ ನಿಂತಿದ್ದವು, ಬಲಕ್ಕೆ, ಉದ್ದ ತುಣುಕುಗಳ ಕಡೆ, ಹೋದಂತೆ ಇಳಿದು ಇಳಿದು, ಸಿಎಸ್‌ಎಫ್1ಪಿಒ, ಡಿ18ಎಸ್51 ಎಂಬ ಜಾಗಗಳು ಇರಬೇಕಾದ ಕಡೆ ಬರೀ ಚಪ್ಪಟೆ ಗೆರೆ. ಅದೇ ಡಿಎನ್ಎ ಮಿನಿ ಕಿಟ್‌ಗೆ ಹಾಕಿದರೆ ಆ ಎರಡೂ ಎದ್ದು ನಿಂತವು! ಕಾರಣ ಸರಳ. ಕಿಟ್ ಬೇಕಾದ ತುಣುಕನ್ನು ನಕಲು ಮಾಡಿ ಮಾಡಿ ಹೆಚ್ಚಿಸುತ್ತೆ, ಅದೇ ಪಿಸಿಆರ್. ಅದಕ್ಕೆ ನಕಲು ಶುರುವಾಗುವ ಕಡೆ ಕೂರುವ ಎರಡು ಪ್ರೈಮರ್‌ಗಳ (ಪುಟ್ಟ ಡಿಎನ್ಎ ತುಂಡುಗಳ) ನಡುವಿನ ಎಳೆ ಮುರಿಯದೆ ಇರಬೇಕು. ಮಾಮೂಲಿಯಲ್ಲಿ ಸಿಎಸ್‌ಎಫ್1ಪಿಒ 300 ಅಕ್ಷರ ದಾಟುತ್ತದೆ. ಮಿನಿಯಲ್ಲಿ ಪ್ರೈಮರ್‌ಗಳು ಹತ್ತಿರ ಬಂದಿರುವುದರಿಂದ ಅದರ ಅರ್ಧವೂ ಇಲ್ಲ. ಬಿಸಿಲು ಕತ್ತರಿಸಿದ ಎಳೆಯಲ್ಲೂ ಅಷ್ಟು ಉದ್ದ ಸಿಕ್ಕೇ ಸಿಗುತ್ತೆ.

ಹಾಗಂತ ಮಿನಿಯೊಂದೇ ಸಾಕು ಅನ್ನಲಾರೆ. 8 ಜಾಗ ತಾಳೆಯಾದದ್ದಕ್ಕೂ 15 ತಾಳೆಯಾದದ್ದಕ್ಕೂ ಕೋರ್ಟಿನಲ್ಲಿ ತೂಕ ಬೇರೆ. ನಾನಾದರೆ ಮೊದಲು ಮಾಮೂಲಿ ಕಿಟ್ ಹಾಕುತ್ತೇನೆ. ಬಲಗಡೆ ಜಾರಿದ್ದು ಕಂಡರೆ, ಖರ್ಚು ಜಾಸ್ತಿಯಾದರೂ ಮಿನಿಯನ್ನೂ ಹಾಕುತ್ತೇನೆ.

ಸುಮ್ನೆ ಕುತೂಹಲಕ್ಕೆ, ಗಂಡಸರಲ್ಲಿರುವ ವೈ ಕ್ರೋಮೋಸೋಮನ್ನಷ್ಟೇ ನೋಡುವ ವೈ ಕಿಟ್‌ನಲ್ಲಿ ನನ್ನನ್ನೂ ನನ್ನ ತಮ್ಮನನ್ನೂ ನೋಡಿದೆ. ಇಬ್ಬರೂ ಒಂದೇ! ಆ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹಾಗೇ ಇಳಿದು ಬರುವುದಲ್ವಾ. ಅವ್ವನಿಂದ ಬರುವ ಮೈಟೊಕಾಂಡ್ರಿಯಾದ (ಜೀವಕೋಶದೊಳಗಿನ ಪುಟ್ಟ ಅಂಗದ) ಡಿಎನ್ಎಯೂ ಇಬ್ಬರದ್ದೂ ಒಂದೇ. ಬೇರಿಲ್ಲದ ಕೂದಲು, ಹಳೆಯ ಮೂಳೆ ಬಂದಾಗ ಹೆಚ್ಚಾಗಿ ಈ ಮೈಟೊಕಾಂಡ್ರಿಯಾವೇ ಗತಿ, ಆದರೆ ಅಣ್ಣನೋ ತಮ್ಮನೋ ಎಂದು ಅದು ಹೇಳುವುದಿಲ್ಲ.

ಪ್ಲಾಸ್ಟಿಕ್ ಕವರಿನದ್ದು? ಬೂಸ್ಟು ಹಿಡಿದು ಗಬ್ಬು ನಾರುತ್ತಿತ್ತು. ಮಾಮೂಲಿ ಕಿಟ್‌ನಲ್ಲಿ ಏನೂ ಬರಲಿಲ್ಲ, ಮಿನಿಯಲ್ಲಿ ಎರಡೇ ಎರಡು ಜಾಗ. ಒಂದು ತಿಂಗಳು ಬಿಸಿಲು ತಿಂದದ್ದೇ ಅದಕ್ಕಿಂತ ಎಷ್ಟೋ ವಾಸಿ.