2024ರ ಗ್ರ್ಯಾಮಿ ಜಾಝ್ ಗಾಯನ: ಐದು ಆಲ್ಬಂ ಕೇಳಿದ ಮೇಲೆ

2024ರ ಗ್ರ್ಯಾಮಿಯಲ್ಲಿ ಜಾಝ್ ಗಾಯನಕ್ಕೆ ನಾಮನಿರ್ದೇಶನಗೊಂಡ ಐದೂ ಆಲ್ಬಂ ಕೇಳಿದೆ. ಗೆದ್ದಿದ್ದು ನಿಕೋಲ್ ಝುರೈಟಿಸ್. ಒಳ್ಳೆಯ ದನಿ, ಅಚ್ಚುಕಟ್ಟಾದ ಹಾಡುಗಳು, ತಕರಾರಿಲ್ಲ. ಆದರೆ ನನ್ನ ಮತ ಫ್ರೆಡ್ ಹರ್ಶ್ ಮತ್ತು ಎಸ್ಪೆರಾನ್ಜಾ ಸ್ಪಾಲ್ಡಿಂಗ್ ಜೋಡಿಗೇ.

ನ್ಯೂಯಾರ್ಕ್‌ನಲ್ಲಿ ವಿಲೇಜ್ ವ್ಯಾನ್‌ಗಾರ್ಡ್ ಅಂತ ಒಂದು ನೆಲಮಾಳಿಗೆ ಕ್ಲಬ್ ಇದೆ, 1935ರಿಂದ. ಈ ಜೋಡಿಯ ಆಲ್ಬಂ ಅಲ್ಲಿ 2018ರಲ್ಲಿ ಜನರ ಮುಂದೆಯೇ ರೆಕಾರ್ಡ್ ಮಾಡಿದ್ದು. ಬರೀ ಹರ್ಶ್ ಪಿಯಾನೋ, ಬರೀ ಎಸ್ಪೆರಾನ್ಜಾ ದನಿ. ಎಸ್ಪೆರಾನ್ಜಾ ಹೆಸರಾಗಿದ್ದೇ ಬಾಸ್ ಎಂಬ ತಗ್ಗು ದನಿಯ ತಂತಿವಾದ್ಯ ನುಡಿಸಿ, ಇಲ್ಲಿ ಅದನ್ನು ಮುಟ್ಟಿಲ್ಲ. 'ಗರ್ಲ್ ಟಾಕ್' ಹಾಡುತ್ತಾ ಹಾಡುತ್ತಾ ಆ ಹಳೇ ಸಾಹಿತ್ಯ ಹೆಂಗಸರ ಬಗ್ಗೆ ಹೇಳುವ ಮಾತಿನ ಜೊತೆಗೇ ಹರಟೆಗೆ ಇಳಿಯುತ್ತಾರೆ, ಜನ ನಗುತ್ತಾರೆ, ಪಿಯಾನೋ ಸುಮ್ನೆ ಅವರ ಹಿಂದೆಯೇ ಹೋಗುತ್ತದೆ, ಮತ್ತೆ ಯಾವಾಗ ಹಾಡಿಗೆ ಬಂದರು ಅಂತ ಗೊತ್ತೇ ಆಗಲ್ಲ. ನಮ್ಮ ಕಛೇರಿಯಲ್ಲಿ ನೆರವಲ್ ಮಾಡುವಾಗ ಒಂದೇ ಸಾಲು ಬೇರೆ ಬೇರೆಯಾಗಿ ಅರಳುತ್ತದಲ್ವಾ, ಆ ಖುಷಿ ಸಿಕ್ಕಿತು.

ಸೆಸಿಲ್ ಮೆಕ್‌ಲೋರಿನ್ ಸಾಲ್ವಾಂಟ್ ಅವರ 'ಮೆಲೂಸಿನ್' ಎರಡನೇದು. ಶನಿವಾರ ಸೊಂಟದ ಕೆಳಗೆ ಹಾವಾಗುವ ಹೆಂಗಸಿನ ಕತೆ, ಹೆಚ್ಚಿನದೆಲ್ಲಾ ಫ್ರೆಂಚ್. ನಾಗಕನ್ನಿಕೆ ಕತೆ ಕೇಳಿ ಬೆಳೆದವರಿಗೆ ಭಾಷೆ ಅಡ್ಡ ಬರಲ್ಲ. ಗ್ರೆಚೆನ್ ಪರ್ಲಾಟೋ, ಲಯನಲ್ ಲೂಯೆಕೆ ಆಲ್ಬಂ ರಾತ್ರಿ ಮೆಲ್ಲಗೆ ಹಾಕಿಕೊಳ್ಳಿ, ಬೆನಿನ್ ದೇಶದ ಲೂಯೆಕೆ ಗಿಟಾರ್ ತುಂಬಾ ಹಿತ. ಪ್ಯಾಟಿ ಆಸ್ಟಿನ್ ಹಳೇ ಜಾಝ್ ಗಾಯಕಿ ಎಲಾ ಫಿಟ್ಜ್‌ಜೆರಾಲ್ಡ್‌ಗೆ ಸಲ್ಲಿಸಿದ ಗೌರವ ಚೆನ್ನಾಗಿದೆ, ಹೊಸದು ಕಡಿಮೆ.

ಜಾಝ್ ಹೊಸದಾಗಿ ಕೇಳುವವರು ಹರ್ಶ್ ಜೋಡಿಯಿಂದಲೇ ಶುರು ಮಾಡಿ, ಹೆಡ್‌ಫೋನ್ ಹಾಕಿಕೊಂಡು.