ಇಗ್ವಾನಕ್ಕೆ 6 ಅಡಿಯ ಪ್ಲೈವುಡ್ ಗೂಡು: ಪೆಟ್ಟಿಗೆ ಗಟ್ಟಿ, ಗಾಳಿ-ಬೆಳಕಿನ ಲೆಕ್ಕ ತಪ್ಪು

ಬೆಂಗಳೂರಿನ ಮರಗೆಲಸದ ಅಂಗಡಿಯೊಂದು ಹಸಿರು ಇಗ್ವಾನ ಎಂಬ ದೊಡ್ಡ ಹಲ್ಲಿಗೆಂದೇ ಆರ್ಡರ್ ಮೇಲೆ ಮಾಡಿಕೊಡುವ ಗೂಡು ಇದು. ಉದ್ದ 6 ಅಡಿ, ಆಳ 3, ಎತ್ತರ 6. ಬಾಲ ಸೇರಿ 5 ಅಡಿ ದಾಟುವ, ಮರದ ಮೇಲೇ ಬದುಕುವ ಪ್ರಾಣಿಗೆ ಇಷ್ಟಾದರೂ ಬೇಕೇ ಬೇಕು. ಮರಿಯ ಜೊತೆ ಮಾರುವ ಪುಟ್ಟ ಗಾಜಿನ ಟ್ಯಾಂಕ್ ಬಹಳ ದಿನ ಬಾಳುವ ಲೆಕ್ಕವಲ್ಲ.

ಪೆಟ್ಟಿಗೆಯ ಕೆಲಸ ಚೆನ್ನಾಗಿದೆ. 18 ಎಂಎಂ ಮರೀನ್ ಪ್ಲೈ, ಹಲಗೆಯ ಮೇಲೆ ಆ ದರ್ಜೆಯ ಐಎಸ್ 710 ಮುದ್ರೆ ಇದೆ. ಬೋಲ್ಟ್ ಬಿಚ್ಚಿದರೆ ಹಲಗೆಗಳು ಬೇರೆಯಾಗುತ್ತವೆ; ಅಪಾರ್ಟ್‌ಮೆಂಟಿನ ಲಿಫ್ಟು, 3 ಅಡಿ ಬಾಗಿಲಿನಲ್ಲಿ ಒಳಗೆ ತರಲು ಬೇರೆ ದಾರಿಯೇ ಇಲ್ಲ. ಜೋಡಿಸಿದ ಮೇಲೆ ತೂಕ 100 ಕಿಲೋ ಮೀರುವುದರಿಂದ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಸರಿಯುವ ಬಾಗಿಲಿಗೆ 5 ಎಂಎಂ ಟಫನ್ಡ್ ಗಾಜು ಹಾಕಿರುವುದೂ ಸರಿ. ಬೆಳೆದ ಇಗ್ವಾನ ಬಾಲ ಬೀಸಿದರೆ ಮಾಮೂಲಿ ಗಾಜು ಉಳಿಯುವ ನಂಬಿಕೆ ಇಲ್ಲ.

ತೊಂದರೆ ಒಳಗಿದೆ. ಲ್ಯಾಮಿನೇಟ್ ಅಂಟಿಸಿದ್ದಾರೆ, ಆದರೆ ಕತ್ತರಿಸಿದ ಅಂಚುಗಳನ್ನು ಹಾಗೇ ಬಿಟ್ಟಿದ್ದಾರೆ. ಇಗ್ವಾನಕ್ಕೆ ಶೇ. 70ರ ಸುಮಾರು ತೇವಾಂಶ ಬೇಕು, ದಿನಕ್ಕೆರಡು ಸಲ ನೀರು ಸಿಂಪಡಿಸಬೇಕು. ಆ ನೀರು ಅಂಚಿನಿಂದಲೇ ಇಳಿದು ಪ್ಲೈ ಉಬ್ಬುತ್ತದೆ. ಅಂಚಿಗೆ ಮೂರು ಕೋಟ್ ಎಪಾಕ್ಸಿ ಹಚ್ಚಿ, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್ ತುಂಬಿ. ಬಾತ್‌ರೂಮಿನ ಸಿಲಿಕೋನ್ ಬೇಡ, ಅದರಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಇರುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಎರಡು ವಾರ ತೆರೆದಿಡಿ.

ಗಾಳಿಕಂಡಿಗಳು ನಾಲ್ಕೂ ಮೇಲೇ ಇವೆ. ಬಿಸಿ ಗಾಳಿ ಮೇಲಿಂದ ಹೋಗಲು ಕೆಳಗಿನಿಂದ ತಣ್ಣನೆಯದು ಬರಬೇಕಲ್ಲವೇ? ಹೀಟರ್ ಇಲ್ಲದ ತಂಪು ಬದಿಯಲ್ಲಿ, ನೆಲದಿಂದ ಅರ್ಧ ಅಡಿ ಮೇಲೆ ಎರಡು ಕಂಡಿ ಕೊರೆಸಿ. ಹಾಕಿರುವ ಸೊಳ್ಳೆ ಪರದೆಯನ್ನು ಉಗುರು ಹರಿಯುತ್ತದೆ. ಸ್ಟೀಲ್ ಜಾಲರಿ ಹಾಕಿಸಿ.

ದೊಡ್ಡ ತಪ್ಪು ಬೆಳಕಿನದು. ಯುವಿಬಿ (ಬಿಸಿಲಿನಲ್ಲಿರುವ ಅತಿನೇರಳೆ ಕಿರಣ) ಕೊಡುವ ಟ್ಯೂಬಿಗೆ ಮೇಲುಗಡೆ ಗಾಜಿನ ಕಿಟಕಿ ಬಿಟ್ಟು, ಟ್ಯೂಬನ್ನು ಹೊರಗಿಡಿ ಅನ್ನುತ್ತಾರೆ. ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಬೆಳಕು ಕಣ್ಣಿಗೆ ಕಂಡರೂ ಚರ್ಮದಲ್ಲಿ ವಿಟಮಿನ್ ಡಿ3 ಆಗದು, ಕ್ಯಾಲ್ಸಿಯಂ ಹಿಡಿಯದು, ದವಡೆ ಮೆತ್ತಗಾಗಿ ಕಾಲಿನ ಮೂಳೆ ಬಾಗುತ್ತದೆ. ಟಿ5 ಹೈ ಔಟ್‌ಪುಟ್ ಟ್ಯೂಬನ್ನು (ಯುವಿಬಿ ಪ್ರಮಾಣ 10.0 ಅಥವಾ ಶೇ. 12 ಎಂದು ಬರೆದಿರುವುದು) ಒಳಗೇ, ತಂತಿ ಕವಚದೊಳಗೆ ಕೂರಿಸಿ. ಕೂರುವ ಕೊಂಬೆ ಅದರಿಂದ 12ರಿಂದ 15 ಇಂಚು ಕೆಳಗಿರಲಿ. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ.

ಗೂಡಿನೊಳಗೆ ಮೈ ಕಾಯಿಸಿಕೊಳ್ಳುವ ಜಾಗ 35ರಿಂದ 38 ಡಿಗ್ರಿ, ತಂಪು ಬದಿ 26-28, ರಾತ್ರಿ 22ಕ್ಕಿಂತ ಕೆಳಗೆ ಬೇಡ. ಡಿಸೆಂಬರ್-ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15ರ ಹತ್ತಿರ ಇಳಿಯುವುದರಿಂದ ಬೆಳಕಿಲ್ಲದೆ ಕಾವು ಮಾತ್ರ ಕೊಡುವ, ಬಲ್ಬಿನಂತೆ ಹೋಲ್ಡರಿಗೆ ಹಾಕುವ ಸೆರಾಮಿಕ್ ಹೀಟರ್ ಬೇಕೇ ಬೇಕು. ಗೂಡಿನ ಜೊತೆ ಬರುವ ಪ್ಲಾಸ್ಟಿಕ್ ಹೋಲ್ಡರ್ ಆ ಕಾವಿಗೆ ಕರಗುತ್ತದೆ. ಸ್ಕ್ರೂ ಮಾದರಿಯ ಇ27 ಪಿಂಗಾಣಿ ಹೋಲ್ಡರ್ ಹಾಕಿಸಿ, ಸುತ್ತ ಜಾಲರಿ ಕಟ್ಟಿ. ಕಾಯುವ ಕಲ್ಲು, ಅಂದರೆ ಹಾಟ್ ರಾಕ್, ಬೇಡವೇ ಬೇಡ. ಹೊಟ್ಟೆ ಸುಟ್ಟರೂ ಪ್ರಾಣಿ ಜಾಗ ಬಿಟ್ಟು ಏಳುವುದಿಲ್ಲ.

ಕಾವು ನೋಡಿ ಹೀಟರನ್ನು ತಾನೇ ಹಾಕಿ ಆರಿಸುವ ಥರ್ಮೋಸ್ಟಾಟ್, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಎಸ್‌ಟಿಸಿ-1000 ಸಾಕು; ಅದರ ಎಫ್2 ಎಂಬ ಸೆಟ್ಟಿಂಗ್‌ನಲ್ಲಿ, ಹೀಟರ್ ಆರುವ-ಹತ್ತುವ ಡಿಗ್ರಿಗಳ ವ್ಯತ್ಯಾಸ 1 ಇಡಿ. ಸೆನ್ಸರ್ ತಂತಿಯನ್ನು ಕ್ಲಿಪ್ಪಿನಿಂದ ಭದ್ರ ಮಾಡಿ. ಇಗ್ವಾನ ಅದನ್ನೆಳೆದು ತಣ್ಣಗಿನ ಕಡೆ ಬೀಳಿಸಿದರೆ ಹೀಟರ್ ಆರುವುದೇ ಇಲ್ಲ. ನೀರು ಚಿಮುಕಿಸುವ ಜಾಗವಾದ್ದರಿಂದ ಈ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ.

ಅಂಗಡಿಯವರು ಕೊಡುವ ನುಣುಪು ಕೋಲುಗಳು ತೀರಾ ಸಣ್ಣ, ಹಿಡಿತವೂ ಸಿಗದು. ಮೈಯಷ್ಟು ದಪ್ಪದ ಸೀಬೆ ಅಥವಾ ಮಾವಿನ ಕೊಂಬೆಯನ್ನು ಉಜ್ಜಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಹಿಂಬದಿಯಿಂದ ಸ್ಕ್ರೂ ಹಾಕಿ. ಕಣಗಲೆ ವಿಷ, ಹತ್ತಿರ ತರಬೇಡಿ.

ಕಾಗದಪತ್ರವೂ ಮುಖ್ಯ. ಇಗ್ವಾನ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಪ್ರಾಣಿಯಾದ್ದರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ನಮ್ಮ ಕಾಡಿನ ಉಡ, ಹೆಬ್ಬಾವು, ನಕ್ಷತ್ರ ಆಮೆ ಸಾಕುವುದು ಅಪರಾಧ. ಅವಕ್ಕೆ ಗೂಡು ಮಾಡಿಕೊಡಿ ಎಂದು ಯಾರನ್ನೂ ಕೇಳಬೇಡಿ.

ಈ ಗೂಡನ್ನು ಕೊಳ್ಳಬಹುದು. ಕಂಡಿ, ಅಂಚು, ಒಳಗಿನ ಟ್ಯೂಬ್, ಈ ಮೂರನ್ನೂ ಆರ್ಡರ್ ಕೊಡುವಾಗಲೇ ಚಿತ್ರ ಬರೆದು ತೋರಿಸಿದರೆ ಆಮೇಲಿನ ಕೊರೆತ ತಪ್ಪುತ್ತದೆ. ಬಂದ ಮೇಲೆ ಮೂರು ದಿನ ಖಾಲಿ ಓಡಿಸಿ, ಬೆಳಗಿನ ಜಾವ 4ಕ್ಕೂ ಮಧ್ಯಾಹ್ನ 2ಕ್ಕೂ ಎರಡೂ ಬದಿಯ ಡಿಗ್ರಿ ಬರೆದಿಟ್ಟು ನೋಡಿ, ಆಮೇಲೆ ಇಗ್ವಾನವನ್ನು ಬಿಡಿ.